ಅಪಾಯದ ಹೇರು ಮತ್ತು ಶಾಸನ

ಕನ್ನಡದಲ್ಲಿ ‘ಶಾಸನ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಕಲ್ಲಿನಲ್ಲಿ ಕಂಡರಿಸಿದ್ದೂ ಶಾಸನ, ಸಭೆಯಲ್ಲಿ ಅಂಗೀಕೃತವಾದದ್ದೂ ಶಾಸನ. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಸಾಗುವ ಹೆದ್ದಾರಿ ಕಲ್ಯಾಣದ ಚಾಲುಕ್ಯರು ಆಳಿದ ನೆಲದಲ್ಲಿ ಹಾದುಹೋಗುತ್ತದೆ. ಅವರ ಕಾಲದ ಕಲ್ಬರಹಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಮಾತು ಮತ್ತೆ ಮತ್ತೆ ಬರುತ್ತದೆ. ದಾರಿಯಲ್ಲಿ ಸಾಗುವ ಹೇರನ್ನು ಎಣಿಸುವುದು ಪ್ರಭುತ್ವಕ್ಕೆ ಹೊಸದಲ್ಲ. ಆದರೆ ಅದು ಬೊಕ್ಕಸದ ಲೆಕ್ಕ. ಹೇರಿನಿಂದ ದಾರಿಹೋಕನ ಪ್ರಾಣಕ್ಕೆ ಬರಬಹುದಾದ ಕುತ್ತನ್ನು ಲೆಕ್ಕಕ್ಕೆ ಹಿಡಿದದ್ದು ಈಚಿನ ಸಂಗತಿ.

ಆ ಎಚ್ಚರವೂ ಬಹುಮಟ್ಟಿಗೆ ಅನಾಹುತದ ಬೆನ್ನಿಗೇ ಬಂದಿತು. 1874ರಲ್ಲಿ ಲಂಡನ್ನಿನ ರೀಜೆಂಟ್ ಕಾಲುವೆಯಲ್ಲಿ ಸಿಡಿಮದ್ದು ಹೇರಿದ್ದ ದೋಣಿ ಸ್ಫೋಟಿಸಿತು. ಮರುವರ್ಷ ಬ್ರಿಟನ್ನಿನಲ್ಲಿ ಸ್ಫೋಟಕಗಳ ಕಾಯಿದೆಯಾಯಿತು. ಭಾರತಕ್ಕೆ ಅಂಥ ಕಾಯಿದೆ ಬಂದದ್ದು 1884ರಲ್ಲಿ. ಅಷ್ಟರಲ್ಲಿ, 1871ರಲ್ಲಿಯೇ, ಮುಂಬಯಿ-ಮದರಾಸು ರೈಲುಮಾರ್ಗ ಕಲಬುರಗಿಯನ್ನು ಹಾದು ರಾಯಚೂರಿನಲ್ಲಿ ಕೂಡಿಕೊಂಡಿತ್ತು. ಅಪಾಯದ ಸರಕನ್ನು ತಿಳಿಸದೆ ರೈಲಿನಲ್ಲಿ ಒಯ್ಯುವುದನ್ನು 1890ರ ರೈಲ್ವೆ ಕಾಯಿದೆ ಅಪರಾಧವೆಂದಿತು. 1934ರಲ್ಲಿ ಪೆಟ್ರೋಲಿಯಂ ಕಾಯಿದೆ ಬಂದಿತು. ನಿಜಾಮರ ಸಂಸ್ಥಾನದಲ್ಲಿದ್ದ ನಮ್ಮ ನಾಡಿಗಾದರೋ ಅನೇಕ ಕೇಂದ್ರ ಕಾಯಿದೆಗಳು ಅನ್ವಯಿಸಿದ್ದು 1951ರಲ್ಲಿ.

1984ರ ಭೋಪಾಲ ದುರಂತ ಎಲ್ಲರ ಕಣ್ಣು ತೆರೆಯಿಸಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ, 1988ರಲ್ಲಿ ಹೊಸ ಮೋಟಾರು ವಾಹನ ಕಾಯಿದೆ, 1989ರಲ್ಲಿ ಅದರ ಕೇಂದ್ರ ನಿಯಮಾವಳಿ ಬಂದವು. ಅಪಾಯಕಾರಿ ಸರಕಿನ ಲಾರಿಯ ಮೇಲೆ ಮೂರು ಕಡೆ ಫಲಕವಿರಬೇಕು. ಸರಕಿನ ತಾಂತ್ರಿಕ ಹೆಸರು, ವರ್ಗಸಂಖ್ಯೆ, ತುರ್ತು ದೂರವಾಣಿ ಅದರಲ್ಲಿ ಎದ್ದುಕಾಣಬೇಕು. ಚಾಲಕನಿಗೆ ಭಾರತೀಯ ಭಾಷೆಯೊಂದರ ಜೊತೆಗೆ ಇಂಗ್ಲಿಷೂ ಓದಬರೆಯಲು ಬರಬೇಕು. ಇವೆಲ್ಲ ಕಾಯಿದೆಯಲ್ಲಲ್ಲ, ಸರಕಾರ ರಚಿಸಿದ ನಿಯಮಗಳಲ್ಲಿ ಇವೆ. ನಿಯಮಗಳನ್ನು ಸಂಸತ್ತಿನ ಮುಂದಿಡಬೇಕು. ಅಂಥವನ್ನು ಪರಿಶೀಲಿಸಲು ಲೋಕಸಭೆಯಲ್ಲಿ 1953ರಿಂದ ಸಮಿತಿಯೊಂದುಂಟು. ಮೇಜಿನ ಮೇಲಿಟ್ಟ ಕಾಗದವನ್ನು ಯಾರಾದರೂ ಓದಿ ಪ್ರಶ್ನಿಸಿದಾಗಲೇ ಮೇಲ್ವಿಚಾರಣೆ ಎಂಬುದು ನಿಜವಾಗುತ್ತದೆ.

2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಕಲ್ಲುಗಣಿಯ ಸ್ಫೋಟಕಗಳು ಸಿಡಿದು ಜೀವಗಳು ಹೋದವು. 137 ವರ್ಷಗಳ ಕಾಯಿದೆ ಪುಸ್ತಕದಲ್ಲಿತ್ತು, ಗಣಿಯ ದಾರಿಯಲ್ಲಿರಲಿಲ್ಲ. 2022ರ ಜೂನ್ 3ರಂದು ನಮ್ಮ ಕಮಲಾಪುರದ ಬಳಿ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಸರಕುವಾಹನಕ್ಕೆ ಡಿಕ್ಕಿಯಾಗಿ ಹೊತ್ತಿ ಉರಿಯಿತು. ಏಳಕ್ಕೆ ಕಡಿಮೆಯಿಲ್ಲದಷ್ಟು ಜನ ಬೆಂದುಹೋದರು. ಅಲ್ಲಿದ್ದುದು ವಿಶೇಷ ಸ್ಫೋಟಕವಲ್ಲ, ಪ್ರಯಾಣಿಕರ ಬಸ್ಸು. ನಾಳೆ ಅದೇ ತಿರುವಿನಲ್ಲಿ ಆಮ್ಲದ ಟ್ಯಾಂಕರು ಉರುಳಿದರೆ?

ಆಗ ಮೊದಲು ಓಡಿಬರುವವನು ಅಧಿಕಾರಿಯಲ್ಲ, ಪಕ್ಕದ ಹೊಲದ ಒಕ್ಕಲಿಗ. ನೀರು ಹೊಯ್ಯಬೇಕೆ, ದೂರ ಸರಿಯಬೇಕೆ ಎಂಬುದನ್ನು ತಾಂತ್ರಿಕ ಹೆಸರೂ ವರ್ಗಸಂಖ್ಯೆಯೂ ಅವನಿಗೆ ಹೇಳಲಾರವು. ಹಿಂದಿನವರು ದಾನದ ಕಟ್ಟಳೆಯನ್ನು ಕನ್ನಡದಲ್ಲಿ ಬರೆಯಿಸಿ ಗುಡಿಯ ಮುಂದೆ ನಿಲ್ಲಿಸಿದರು. ಫಲಕದ ಗುರುತುಗಳ ಅರ್ಥವನ್ನು ಹೆದ್ದಾರಿಯ ಬದಿಯ ಪಂಚಾಯತಿಗಳಲ್ಲಿ, ಶಾಲೆಗಳಲ್ಲಿ ಕನ್ನಡದಲ್ಲಿ ತಿಳಿಸುವ ಏರ್ಪಾಡನ್ನು ನಮ್ಮ ಶಾಸಕರು ಕೇಳಿ ಪಡೆಯಬೇಕು. ಅವರನ್ನು ಹಾಗೆ ಕೇಳುವಂತೆ ಮಾಡುವ ಹೊಣೆ ಓದುಬಲ್ಲ ನಮ್ಮದು.