ದೂರದ ಬೆಟ್ಟ, ಮನೆಯ ಮಾತು

1885ರಲ್ಲಿ ಬಾಸ್ಟನ್ ನಗರದ 'ಅಟ್ಲಾಂಟಿಕ್ ಮಂತ್ಲಿ' ಪತ್ರಿಕೆಯ ಸಂಪಾದಕ ಆಲ್ಡ್ರಿಚ್ಚರಿಗೆ ಒಂದು ಆಶ್ಚರ್ಯ ಕಾದಿತ್ತು. ಟೆನೆಸೀ ಬೆಟ್ಟಸೀಮೆಯ ಕತೆಗಳಿಂದ ಹೆಸರಾಗಿದ್ದ ಚಾರ್ಲ್ಸ್ ಎಗ್ಬರ್ಟ್ ಕ್ರ್ಯಾಡಕ್ ಎಂಬ ಲೇಖಕರು ಅವರನ್ನು ಕಾಣಲು ಬಂದಿದ್ದರು. ದಪ್ಪ ಮಸಿಯ ದಿಟ್ಟ ಕೈಬರಹವನ್ನು ಕಂಡವರೆಲ್ಲ ಈತ ಕಟ್ಟುಮಸ್ತಾದ ಗಂಡಾಳೆಂದೇ ನಂಬಿದ್ದರು. ಆದರೆ ಬಂದು ನಿಂತವರು ಬಾಲ್ಯದ ಕಾಯಿಲೆಯಿಂದ ಕಾಲು ಊನವಾಗಿದ್ದ, ಸಣ್ಣ ಮೈಕಟ್ಟಿನ ಮಹಿಳೆ. ಅವರ ನಿಜನಾಮ ಮೇರಿ ನೋಯಿಲ್ಸ್ ಮರ್ಫ್ರಿ.

ಅಮೆರಿಕದ ಪೂರ್ವಭಾಗದಲ್ಲಿ ಉತ್ತರ ದಕ್ಷಿಣವಾಗಿ ಹಬ್ಬಿರುವ ಅಪಲೇಷಿಯನ್ ಪರ್ವತಶ್ರೇಣಿಯ ದಕ್ಷಿಣದ ತಪ್ಪಲು ಟೆನೆಸೀ, ಕೆಂಟಕಿ, ವರ್ಜೀನಿಯ, ಪಶ್ಚಿಮ ವರ್ಜೀನಿಯ, ಉತ್ತರ ಕೆರೊಲಿನ ಮೊದಲಾದ ರಾಜ್ಯಗಳಲ್ಲಿ ಹಂಚಿಹೋಗಿದೆ. ಕಡಿದಾದ ಕಣಿವೆಗಳು, ಒಂಟಿ ಮನೆಗಳು, ಮುಸುಕಿನ ಜೋಳದ ತುಂಡುಹೊಲಗಳು. ಇಲ್ಲಿಯ ಜನರನ್ನು ನಾಡಿನ ಓದುಗರಿಗೆ ಮೊದಲು ಪರಿಚಯಿಸಿದವರಲ್ಲಿ ಮರ್ಫ್ರಿ ಪ್ರಮುಖರು. 1884ರಲ್ಲಿ ಪ್ರಕಟವಾದ ಅವರ 'ಇನ್ ದ ಟೆನೆಸೀ ಮೌಂಟನ್ಸ್' ಎಂಬ ಕಥಾಸಂಗ್ರಹ ಬಹು ಜನಪ್ರಿಯವಾಯಿತು.

ಆದರೆ ಮರ್ಫ್ರಿ ಬೆಟ್ಟದ ಮಗಳಲ್ಲ. ಬಯಲಿನ ಅನುಕೂಲಸ್ಥ ಕುಟುಂಬದವರು. ಬೇಸಗೆಯಲ್ಲಿ ಬೀರ್ಷೀಬ ಸ್ಪ್ರಿಂಗ್ಸ್ ಎಂಬ ಗಿರಿಧಾಮದಲ್ಲಿ ತಂಗುತ್ತಿದ್ದಾಗ ಕಂಡು ಕೇಳಿದ್ದೇ ಅವರ ಕತೆಗಳ ಮೂಲದ್ರವ್ಯ. ಅವರ ಪುಟಗಳಲ್ಲಿ ಎರಡು ಭಾಷೆಗಳಿವೆ. ಬೆಳುದಿಂಗಳು, ಮಂಜು, ಕಣಿವೆಗಳನ್ನು ಬಣ್ಣಿಸುವ ಕಥೆಗಾರ್ತಿಯದು ಶಿಷ್ಟವೂ ಅಲಂಕೃತವೂ ಆದ ಇಂಗ್ಲಿಷು. ಪಾತ್ರಗಳ ಬಾಯಲ್ಲಿ ಮಾತ್ರ ಕಾಗುಣಿತವನ್ನು ಮುರಿದು ಬರೆದ ಆಡುಮಾತು. ಓದುಗನು ಕಥೆಗಾರ್ತಿಯ ಪಕ್ಕದಲ್ಲಿ ಕುಳಿತು, ಬೆಟ್ಟದವರನ್ನು ಕೊಂಚ ಎತ್ತರದಿಂದ ನೋಡುತ್ತಾನೆ. ದೂರದ ಬೆಟ್ಟ ನುಣ್ಣಗೆ ಎಂಬ ನಮ್ಮ ಗಾದೆಯನ್ನು ಇಲ್ಲಿ ನೆನೆಯಬಹುದು.

ಹಾಗೆಂದು ಅವರನ್ನು ಹಳಿದರೆ ಅನ್ಯಾಯವಾದೀತು. ಆ ಸಂಗ್ರಹದ ಒಂದು ಕತೆಯಲ್ಲಿ ಸಿಂಥಿಯ ವೇರ್ ಎಂಬ ಹುಡುಗಿ, ಸೆರೆಮನೆ ಸೇರಿದ ತನ್ನ ಮೆಚ್ಚಿನವನಿಗೆ ಕ್ಷಮಾದಾನ ದೊರಕಿಸಲು ಪಡಬಾರದ ಪಾಡು ಪಡುತ್ತಾಳೆ. ಬಿಡುಗಡೆಯಾದವನು ಅವಳನ್ನು ಮರೆತು ತನ್ನ ದಾರಿ ಹಿಡಿಯುತ್ತಾನೆ. ಹಳ್ಳಿಯ ಹೆಣ್ಣಿನ ಒಳಗುದಿಯನ್ನು ಮರ್ಫ್ರಿ ಅರಿಯದೆ ಇರಲಿಲ್ಲ. ಆದರೆ ಅವರನ್ನು ಅನುಸರಿಸಿ ಬಂದ ಅನೇಕರು ಕಳ್ಳಭಟ್ಟಿ, ಕುಲವೈರ, ಒರಟುಮಾತು ಇಷ್ಟನ್ನೇ ಉಳಿಸಿಕೊಂಡರು. ಅದೇ ಕಾಲಕ್ಕೆ ರೈಲುದಾರಿ ಬೆಟ್ಟವನ್ನು ಹೊಕ್ಕಿತು. ಮರದ ಮತ್ತು ಕಲ್ಲಿದ್ದಲಿನ ಕಂಪನಿಗಳು ನೆಲದೊಳಗಿನ ಹಕ್ಕನ್ನು ರೈತರಿಂದ ಅಗ್ಗಕ್ಕೆ ಕೊಂಡವು. ತಮ್ಮ ಹಿತ ತಾವರಿಯದ ಹಿಂದುಳಿದ ಜನವೆಂದು ಒಮ್ಮೆ ಹಣೆಪಟ್ಟಿ ಕಟ್ಟಿದ ಮೇಲೆ, ಅವರ ಸೊತ್ತನ್ನು ಕೊಳ್ಳುವವರಿಗೆ ಸಂಕೋಚವೇಕೆ?

ಮುಂದಿನ ಹೆಜ್ಜೆಯನ್ನಿಟ್ಟವರು ಹ್ಯಾರಿಯೆಟ್ ಸಿಂಪ್ಸನ್ ಆರ್ನೊ. 1908ರಲ್ಲಿ ಕೆಂಟಕಿಯ ವೇನ್ ಜಿಲ್ಲೆಯಲ್ಲಿ ಹುಟ್ಟಿ, ಕಂಬರ್ಲೆಂಡ್ ನದಿಯ ದಡದ ಬರ್ನ್‌ಸೈಡ್ ಊರಿನಲ್ಲಿ ಬೆಳೆದವರು. ಹದಿಹರೆಯ ಕಳೆಯುವ ಮುನ್ನವೇ ಗುಡ್ಡಗಾಡಿನ ಏಕೋಪಾಧ್ಯಾಯ ಶಾಲೆಯಲ್ಲಿ ಕಲಿಸಲು ಹೋದರು. ಆ ಅನುಭವವೇ 1936ರ 'ಮೌಂಟನ್ ಪಾತ್' ಎಂಬ ಮೊದಲ ಕಾದಂಬರಿಯಾಯಿತು. ಮರ್ಫ್ರಿಯವರ ಕಾಲದ ಮುಸುಕು ಇವರನ್ನೂ ಬಿಡಲಿಲ್ಲ. ಗಂಡಸರ ಪತ್ರಿಕೆಯಾದ 'ಎಸ್ಕ್ವೈರ್'ಗೆ ಕತೆ ಕಳಿಸುವಾಗ ಹೆಣ್ಣೆಂದು ತಿಳಿಯದಂತೆ ಹೆಸರು ಬರೆದು, ಭಾವಚಿತ್ರದ ಬದಲಿಗೆ ನೆಂಟರೊಬ್ಬರ ಚಿತ್ರವನ್ನು ಕಳಿಸಿದ್ದರು.

1954ರ 'ದ ಡಾಲ್‌ಮೇಕರ್' ಅವರ ಶ್ರೇಷ್ಠ ಕೃತಿ. ಮೊದಲ ಪುಟಗಳಲ್ಲಿಯೇ ಗರ್ಟಿ ನೆವೆಲ್ಸ್ ಎಂಬ ರೈತ ಮಹಿಳೆ ಹೇಸರಗತ್ತೆಯನ್ನೇರಿ ಬಂದು, ಸೈನ್ಯಾಧಿಕಾರಿಯೊಬ್ಬನ ಮೋಟಾರನ್ನು ಅಡ್ಡಗಟ್ಟಿ ನಿಲ್ಲಿಸುತ್ತಾಳೆ. ಉಸಿರುಕಟ್ಟಿದ ಮಗುವಿನ ಗಂಟಲನ್ನು ತನ್ನ ಚಾಕುವಿನಿಂದಲೇ ಸೀಳಿ ಜೀವ ಉಳಿಸುತ್ತಾಳೆ. ಬೆಟ್ಟದಲ್ಲಿ ಇಷ್ಟು ಸಮರ್ಥಳಾದವಳು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಯ ಕೂಲಿಯನ್ನರಸಿ ಹೋದ ಗಂಡನ ಹಿಂದೆ ಡೆಟ್ರಾಯಿಟ್ ನಗರವನ್ನು ಸೇರಿ ನಿಸ್ಸಹಾಯಕಳಾಗುತ್ತಾಳೆ. ಅಲ್ಲಿ ಅವಳ ಮಕ್ಕಳಿಗೆ ಸಿಗುವುದು 'ಹಿಲ್‌ಬಿಲಿ' ಎಂಬ ಬೈಗುಳ, ಹೊಂದಿಕೊಳ್ಳಿರೆಂಬ ಶಾಲೆಯ ಉಪದೇಶ. ಹಿರಿಯ ಮಗ ಊರಿಗೆ ಓಡಿಹೋಗುತ್ತಾನೆ. ಪುಟ್ಟ ಮಗಳು ರೈಲಿಗೆ ಸಿಕ್ಕಿ ಸಾಯುತ್ತಾಳೆ. ಊರಿನಿಂದ ತಂದ ಚೆರ್ರಿ ಮರದ ದಿಮ್ಮಿಯಲ್ಲಿ ಗರ್ಟಿ ಬಹುದಿನಗಳಿಂದ ಒಂದು ಮೂರ್ತಿಯನ್ನು ಕಡೆಯುತ್ತಿದ್ದಾಳೆ. ಕೊನೆಗೆ ಮಾರಾಟದ ಬೊಂಬೆಗಳಿಗಾಗಿ ಅದನ್ನೇ ಸೀಳಲು ಒಯ್ದು, ಮೊದಲ ಪೆಟ್ಟನ್ನು ತಾನೇ ಹಾಕುತ್ತಾಳೆ.

ಇಲ್ಲಿ ಗಮನಿಸಬೇಕಾದುದು ನೋಟದ ಬದಲಾವಣೆ. ನಿರೂಪಣೆ ಇನ್ನೂ ಶಿಷ್ಟಭಾಷೆಯಲ್ಲಿಯೇ ಇದೆ. ಆದರೆ ನೋಡುವ ಕಣ್ಣು ಗರ್ಟಿಯದು. ಈಗ ವಿಚಿತ್ರವಾಗಿ ಕಾಣುವುದು ಬೆಟ್ಟವಲ್ಲ, ನಗರ.

ಕೊನೆಯ ಹೆಜ್ಜೆ ಲೀ ಸ್ಮಿತ್ ಅವರದು. 1944ರಲ್ಲಿ ವರ್ಜೀನಿಯದ ಗ್ರಂಡಿ ಎಂಬ ಕಲ್ಲಿದ್ದಲ ಊರಿನಲ್ಲಿ ಹುಟ್ಟಿದವರು. ತಂದೆಯದು ಅಲ್ಲೊಂದು ಸಣ್ಣ ಸಾಮಾನಿನ ಅಂಗಡಿ. ಓದಿಸಿ ಊರಿನಿಂದ ಹೊರಗೆ ಕಳಿಸಬೇಕೆಂಬುದೇ ಮನೆಯವರ ಹಂಬಲವಾಗಿತ್ತು. ಕಾಲೇಜಿನಲ್ಲಿದ್ದಾಗ ಜೇಮ್ಸ್ ಸ್ಟಿಲ್ಲರ 'ರಿವರ್ ಆಫ್ ಅರ್ತ್' ಕಾದಂಬರಿಯನ್ನು ಓದುತ್ತ, ಅದರ ಕೊನೆಯಲ್ಲಿ ಆ ಬಡ ಸಂಸಾರ ಹೊರಟಿರುವುದು ಗ್ರಂಡಿಗೆ ಎಂದು ಕಂಡು ಬೆರಗಾದರಂತೆ. ತನ್ನ ಊರೂ ಪುಸ್ತಕದಲ್ಲಿ ಬರಬಲ್ಲುದೆಂಬ ಅರಿವು ಅಲ್ಲಿ ಮೂಡಿತು.

1988ರ ಅವರ 'ಫೇರ್ ಅಂಡ್ ಟೆಂಡರ್ ಲೇಡೀಸ್' ಆದ್ಯಂತ ಐವಿ ರೋ ಎಂಬಾಕೆಯ ಪತ್ರಗಳಲ್ಲಿದೆ. ಆರಂಭದ ಪತ್ರಗಳ ತುಂಬ ಕಾಗುಣಿತದ ತಪ್ಪುಗಳು. ಆದರೆ ಮರ್ಫ್ರಿಯವರಲ್ಲಿ ಮುರಿದ ಕಾಗುಣಿತ ಇನ್ನೊಬ್ಬರ ಗುರುತಾಗಿತ್ತು; ಇಲ್ಲಿ ಅದು ಬರೆಯುವ ಹುಡುಗಿಯದೇ ಕೈ. ಪಕ್ಕದಲ್ಲಿ ಕುಳಿತು ಅರ್ಥ ಹೇಳುವ ಸುಶಿಕ್ಷಿತ ಕಥೆಗಾರ್ತಿ ಮಾಯವಾಗಿದ್ದಾಳೆ. ಲೇಖಕಿಯಾಗಬೇಕೆಂದು ಬಯಸಿದ ಐವಿ ಬೆಟ್ಟವನ್ನು ಬಿಡಲಾರದೆ ಹೋದಳು. ಸತ್ತ ಅಕ್ಕನಿಗೂ ಜೀವಮಾನವಿಡೀ ಪತ್ರ ಬರೆದು, ಕೊನೆಗೆ ಅವನ್ನು ಸುಟ್ಟುಹಾಕಿದಳು. ಬರೆದದ್ದರಲ್ಲಿಯೇ ಅವಳ ಬದುಕಿತ್ತು, ಬರೆದ ಕಾಗದದಲ್ಲಲ್ಲ.

ಮರ್ಫ್ರಿಯವರಿಂದ ಸ್ಮಿತ್ ಅವರವರೆಗೆ ಒಂದು ಶತಮಾನ. ಬೆಟ್ಟದ ಮಾತು ಕಥೆಗಾರ್ತಿಯ ಸ್ವಂತ ಮಾತಾಗಲು ಅಷ್ಟು ಕಾಲ ಹಿಡಿಯಿತು. ಅಷ್ಟರಲ್ಲಿ ಊರುಗಳೇ ಅಳಿಯತೊಡಗಿದ್ದವು. ಆರ್ನೊ ಬೆಳೆದ ಹಳೆಯ ಬರ್ನ್‌ಸೈಡಿನ ಕೆಳಪೇಟೆ 1950ರ ಆಸುಪಾಸಿನಲ್ಲಿ ಕಂಬರ್ಲೆಂಡ್ ನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಗ್ರಂಡಿಯ ಹಳೆಯ ಬೀದಿಯನ್ನು ಪ್ರವಾಹದಿಂದ ರಕ್ಷಣೆಗೆಂದು ಈ ಶತಮಾನದ ಮೊದಲ ವರ್ಷಗಳಲ್ಲಿ ಕೆಡವಿದರು; ತಂದೆಯ ಅಂಗಡಿಯೂ ಹೋಯಿತು. ಅದರ ನೆನಪನ್ನು ಸ್ಮಿತ್ 2016ರಲ್ಲಿ 'ಡೈಮ್‌ಸ್ಟೋರ್' ಎಂಬ ಪುಸ್ತಕವಾಗಿ ಬರೆದರು. ಶರಾವತಿಯ ಮುಳುಗಡೆಯನ್ನು ಕಂಡ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋದ ಬೀದಿ ಮರಳಿ ಬರುವುದಿಲ್ಲ. ಆ ಬೀದಿಯಲ್ಲಿ ಜನ ಹೇಗೆ ಮಾತಾಡುತ್ತಿದ್ದರೆಂಬುದನ್ನು, ಕೇಳಿ ಬೆಳೆದ ಹೆಣ್ಣುಮಕ್ಕಳು ಬರೆದಿಟ್ಟಿದ್ದಾರೆ.