ಗಾಳಿಯಲ್ಲಿ ಬರುವ ಓಲೆಯ ವಿಳಾಸ

ನಾಡಹಬ್ಬದ ಸಂಚಿಕೆಯಲ್ಲಿ ವಾಚಕರು ಕದಂಬರ, ಹೊಯ್ಸಳರ ಚರಿತ್ರೆಯನ್ನು ನಿರೀಕ್ಷಿಸುವುದು ಸಹಜವೇ ಸರಿ. ನಾನು ಹೇಳಹೊರಟಿರುವ ಚರಿತ್ರೆಗಾದರೋ ಶಾಸನವಿಲ್ಲ, ತಾಮ್ರಪಟವಿಲ್ಲ. ಅದು ನಮ್ಮೆಲ್ಲರ ಮನೆಯ ಗೋಡೆಯ ಮೇಲೆ ಮಿಣಮಿಣನೆ ದೀಪ ಬೆಳಗುತ್ತ ಕುಳಿತಿರುವ ವೈ-ಫೈ ಪೆಟ್ಟಿಗೆಯ ಚರಿತ್ರೆ. ಊರು ಬಿಟ್ಟು ಬಂದ ನಮಗೆ ಊರಿನವರ ಮುಖವನ್ನು ದಿನವೂ ತೋರಿಸುವ ಪೆಟ್ಟಿಗೆ ಅದು. ಅದರ ವಿಷಯವಾಗಿ ನಾಲ್ಕು ಮಾತು ತಿಳಿದಿರುವುದು ಒಳ್ಳೆಯದು.

ಈ ಲೇಖನಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ಅರಿಕೆ ಮಾಡುತ್ತೇನೆ. ಅಚ್ಯುತಾಪುರಂನಲ್ಲಿ ನಾವಿರುವ ವಠಾರದಲ್ಲಿ ವಿಶೇಷ ಆರ್ಥಿಕ ವಲಯದ ಕಾರ್ಖಾನೆಗಳಿಗೆ ಹೋಗಿಬರುವ ಸಂಸಾರಗಳೇ ಹೆಚ್ಚು. ಮನೆಗೊಂದು ಪೆಟ್ಟಿಗೆ. ನೆರೆಹೊರೆಯವರು ನಮ್ಮ ಜಾಲದೊಳಕ್ಕೆ ಬಾರದಿರಲೆಂದು ನಾನು ಒಂದು ಉಪಾಯ ಮಾಡಿದ್ದೆ. ಮನೆಮಂದಿಯ ಫೋನುಗಳ ಯಂತ್ರವಿಳಾಸಗಳನ್ನು ಪಟ್ಟಿ ಮಾಡಿ, ಇವನ್ನುಳಿದು ಬೇರಾವುದನ್ನೂ ಸೇರಿಸಕೂಡದೆಂದು ಪೆಟ್ಟಿಗೆಗೆ ಅಪ್ಪಣೆ ಕೊಟ್ಟಿದ್ದೆ. ಬೇಸಿಗೆಯಲ್ಲಿ ಧಾರವಾಡದಿಂದ ನಮ್ಮ ಅತ್ತೆಯವರು ಬಂದರು. ಅವರ ಫೋನಿನ ವಿವರಗಳ ಪುಟದಲ್ಲಿ ಕಂಡ ವಿಳಾಸವನ್ನೂ ಪಟ್ಟಿಗೆ ಸೇರಿಸಿದೆ. ಗುಪ್ತಪದವೂ ಸರಿಯಾಗಿತ್ತು. ಆದರೂ ಫೋನು ಒಳಗೆ ಸೇರಲಿಲ್ಲ. ಸಂಜೆ ಮೊಮ್ಮಗಳನ್ನು ನೋಡಬೇಕೆಂದು ಕುಳಿತಿದ್ದ ಅವರು, “ಹೆಸರು ಬರದೀರಿ ಅಂದ್ರಿ, ಮತ್ಯಾಕ ಒಳಗ ಬಿಡವಲ್ದರಿ ಅದು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಾಗ ದೊರೆತದ್ದೇ ಈ ಚರಿತ್ರೆ.

ಇದರ ಮೊದಲನೆಯ ಪಾಠವನ್ನು ನಮ್ಮ ಮೈಸೂರಿನಲ್ಲೇ ಕಲಿಯಬಹುದು. ೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ರೂಢಿಗೆ ಬಂದದ್ದು ಆ ಕೇಂದ್ರದಿಂದ. ಮುಂದೆ ೧೯೪೮ರಲ್ಲಿ ವಿಜಯವಾಡಕ್ಕೂ ೧೯೬೩ರಲ್ಲಿ ವಿಶಾಖಪಟ್ಟಣಕ್ಕೂ ಬಾನುಲಿ ಕೇಂದ್ರಗಳು ಬಂದವು. ಬಾನುಲಿಯ ಸ್ವಭಾವವೇನು? ಅಲೆಯು ಎಲ್ಲ ದಿಕ್ಕಿಗೂ ಹರಡುತ್ತದೆ. ಅದು ಎಟಕುವಷ್ಟು ದೂರದಲ್ಲಿ ಪೆಟ್ಟಿಗೆ ಇಟ್ಟುಕೊಂಡವರೆಲ್ಲರಿಗೂ ಕೇಳಿಸುತ್ತದೆ. ಸಂಗೀತ ಕಚೇರಿಗೆ ಇದು ಬಲು ಅನುಕೂಲ. ಆದರೆ ಒಬ್ಬನಿಗಷ್ಟೇ ಒಂದು ಮಾತು ಹೇಳಬೇಕಾದರೆ? ಗಾಳಿಗೆ ಅಂಚೆಯವನಿಲ್ಲ. ಒಬ್ಬರಿಗೆ ಬರೆದ ಓಲೆಯೂ ಸುತ್ತಲಿನ ಎಲ್ಲರ ಬಾಗಿಲಿಗೂ ಹೋಗಿ ಬೀಳುತ್ತದೆ. ಆದುದರಿಂದ ಆಯ್ಕೆಯ ಕೆಲಸವನ್ನು ಕಳುಹಿಸುವವನು ಮಾಡಲಾರ, ಪಡೆಯುವವನೇ ಮಾಡಬೇಕು.

ಗಣಕಯಂತ್ರಗಳಿಗಾಗಿ ಈ ಆಯ್ಕೆಯನ್ನು ಮೊದಲಿಗೆ ಮಾಡಿ ತೋರಿಸಿದವರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮುಖ್ಯರು. ಅವರ ‘ಅಲೋಹಾ’ ಜಾಲವು ೧೯೭೧ರಲ್ಲಿ ಕೆಲಸ ಮಾಡತೊಡಗಿತು. ಕೇಂದ್ರದ ಯಂತ್ರವು ಎಲ್ಲರಿಗೂ ಕೇಳುವಂತೆ ಓಲೆಗಳನ್ನು ಬಿತ್ತರಿಸುತ್ತಿತ್ತು. ಪ್ರತಿಯೊಂದು ಓಲೆಯ ತಲೆಯ ಮೇಲೂ ಅದು ಯಾರಿಗೆ ಸೇರತಕ್ಕದ್ದೆಂಬ ಗುರುತು. ತನ್ನದಾದುದನ್ನು ಎತ್ತಿಕೊಂಡು ಉಳಿದುದನ್ನು ಬಿಟ್ಟುಬಿಡುವುದೇ ಪ್ರತಿ ನಿಲ್ದಾಣದ ಧರ್ಮ. ಈ ಓಲೆಗೆ ಯಂತ್ರಜ್ಞರು ಇಂದು ‘ಫ್ರೇಮ್’ ಎನ್ನುತ್ತಾರೆ. ನಾವು ಓಲೆಯೆಂದೇ ಕರೆಯೋಣ.

ಅಲೋಹಾದಿಂದ ಸ್ಫೂರ್ತಿ ಪಡೆದು ರಾಬರ್ಟ್ ಮೆಟ್‌ಕಾಫ್ ೧೯೭೩ರಲ್ಲಿ ಅಮೆರಿಕೆಯ ಜೆರಾಕ್ಸ್ ಸಂಶೋಧನಾಲಯದಲ್ಲಿ ‘ಈಥರ್‌ನೆಟ್’ ಎಂಬ ತಂತಿಯ ಜಾಲವನ್ನು ಯೋಚಿಸಿದರು. ಅದರ ಮೊದಲ ರೂಪದಲ್ಲಿ ವಿಳಾಸಕ್ಕೆ ಕೇವಲ ೮ ಬಿಟ್, ಎಂದರೆ ಸೊನ್ನೆ ಅಥವಾ ಒಂದನ್ನು ಬರೆಯುವ ೮ ಮನೆಗಳು ಮಾತ್ರ. ಅಂತಹ ವಿಳಾಸಗಳು ೨೫೬ಕ್ಕಿಂತ ಹೆಚ್ಚು ಆಗಲಾರವು. ಒಂದು ಕಟ್ಟಡಕ್ಕೆ ಸಾಕು, ಲೋಕಕ್ಕೆ ಸಾಲದು. ೧೯೮೦ರಲ್ಲಿ ಪ್ರಕಟವಾದ ಈಥರ್‌ನೆಟ್ ನಿಯಮದಲ್ಲಿ ಅದು ೪೮ ಬಿಟ್ ಆಯಿತು. ಲೆಕ್ಕ ಮಾಡಿದರೆ ಸುಮಾರು ೨೮೧ ಲಕ್ಷ ಕೋಟಿ ವಿಳಾಸಗಳು! ಇದರ ತತ್ತ್ವವನ್ನು ೧೯೮೧ರ ಪ್ರಬಂಧವೊಂದರಲ್ಲಿ ವಿವರಿಸಿದ ಇಬ್ಬರಲ್ಲಿ ಒಬ್ಬರು ಮುಂಬಯಿಯ ಐ.ಐ.ಟಿ.ಯಲ್ಲಿ ಓದಿದ ಯೋಗೇನ್ ದಲಾಲ್ ಎಂಬುದು ನಮಗೆ ಹೆಮ್ಮೆಯ ಸಂಗತಿ. ಆ ತತ್ತ್ವದ ತಾತ್ಪರ್ಯವಿಷ್ಟೆ: ಯಂತ್ರಕ್ಕೆ ಹುಟ್ಟುವಾಗಲೇ ಲೋಕದಲ್ಲಿ ಬೇರೊಂದಕ್ಕೆ ಇಲ್ಲದ ಹೆಸರಿಡಬೇಕು, ಅದು ಯಾವ ಊರಿಗೆ ಹೋದರೂ ಆ ಹೆಸರು ಬದಲಾಗಕೂಡದು. ವಿಳಾಸದ ಮೊದಲರ್ಧವು ತಯಾರಕರನ್ನೂ ಉಳಿದರ್ಧವು ಆ ಯಂತ್ರವನ್ನೂ ಸೂಚಿಸುತ್ತದೆ. ನಮ್ಮಲ್ಲಿ ಊರಿನ ಹೆಸರೂ ಸ್ವಂತ ಹೆಸರೂ ಕೂಡಿ ಬರುವಂತೆಯೇ ಇದೆಯೆನ್ನಬಹುದು.

ನಿಸ್ತಂತು ಜಾಲಕ್ಕೆ ೮೦೨.೧೧ ಎಂಬ ನಿಯಮ ಸಿದ್ಧವಾದದ್ದು ೧೯೯೭ರಲ್ಲಿ. ನಾವು ವೈ-ಫೈ ಎನ್ನುವುದು ಇದನ್ನೇ. ಇದರಲ್ಲಿ ಒಂದು ಓಲೆಯ ಮೇಲೆ ನಾಲ್ಕು ವಿಳಾಸಗಳವರೆಗೆ ಇರಬಹುದು. ಏಕೆಂದು ಹೊಸದಾಗಿ ಊರಿಗೆ ಬಂದ ಸಂಸಾರಕ್ಕೆ ವಿವರಿಸಬೇಕಾಗಿಲ್ಲ. ಸ್ವಂತ ಮನೆ ಸಿಕ್ಕುವವರೆಗೆ ನಮ್ಮ ಕಾಗದಗಳು ಪರಿಚಯಸ್ಥರ ‘ಕೇರಾಫ್’ ಬರುತ್ತಿರಲಿಲ್ಲವೆ? ಹಾಗೆಯೇ ಫೋನಿನಿಂದ ಹೊರಟ ಓಲೆ ಮೊದಲು ಗೋಡೆಯ ಪೆಟ್ಟಿಗೆಗೆ ಸೇರಿ, ಅಲ್ಲಿಂದ ಮುಂದಕ್ಕೆ ಹೋಗಬೇಕು. ಈ ಕ್ಷಣದಲ್ಲಿ ಯಾರು ಕೈಗೆತ್ತಿಕೊಳ್ಳಬೇಕೆಂಬುದು ಒಂದನೆಯ ವಿಳಾಸ. ಈಗ ಯಾರು ಕೂಗುತ್ತಿದ್ದಾರೆಂಬುದು ಎರಡನೆಯದು. ಮೂಲ ಒಡೆಯ ಅಥವಾ ಕೊನೆಯ ಒಡೆಯನ ಹೆಸರಿಗೆ ಉಳಿದ ಜಾಗ. ಯಂತ್ರವು ಸೋಸುವುದು ಆ ಒಂದನೆಯ ವಿಳಾಸವನ್ನು ನೋಡಿ.

ಸೋಸುವ ಕ್ರಮ ಹೀಗೆ. ಒಂದನೆಯ ವಿಳಾಸ ತನ್ನದೇ ಆಗಿದ್ದರೆ ಚಿಪ್ಪು ಓಲೆಯನ್ನು ಒಳಕ್ಕೆ ಕಳಿಸುತ್ತದೆ. ಬಿಟ್ಟುಗಳೆಲ್ಲವೂ ಒಂದೇ ಆಗಿದ್ದರೆ ಅದು ಡಂಗುರ, ಎಲ್ಲರೂ ಕೇಳತಕ್ಕದ್ದು. ಒಂದು ಗುಂಪಿನ ವಿಳಾಸವಾದರೆ ತಾನು ಆ ಗುಂಪಿನಲ್ಲಿದ್ದೇನೆಯೇ ಎಂದು ನೋಡುತ್ತದೆ. ಮತ್ತೊಬ್ಬರ ಹೆಸರಿದ್ದರೆ ಅಲ್ಲಿಯೇ ಬಿಟ್ಟುಬಿಡುತ್ತದೆ. ಫೋನಿನ ಮುಖ್ಯ ಮಿದುಳನ್ನು ಎಬ್ಬಿಸುವುದೇ ಇಲ್ಲ. ವಠಾರದ ಎಂಟು ಮನೆಗಳ ಓಲೆಗಳಿಗೂ ಎದ್ದು ಕುಳಿತರೆ ಬ್ಯಾಟರಿ ಮಧ್ಯಾಹ್ನಕ್ಕೇ ಬರಿದಾದೀತು.

ಈ ಕೆಲಸವನ್ನು ಚಿಪ್ಪಿನಲ್ಲೇ ಇರಿಸಿದ್ದಕ್ಕೆ ಇನ್ನೊಂದು ಕಾರಣವುಂಟು. ತನಗೆ ಬಂದ ಓಲೆ ಕೆಡದೆ ಮುಟ್ಟಿತೆಂದು ಪಡೆದವನು ಕೂಡಲೇ ರಸೀತಿ ಕೂಗಬೇಕು. ೨.೪ ಗಿಗಾಹರ್ಟ್ಸ್ ಪಟ್ಟಿಯಲ್ಲಿ ಅದಕ್ಕೆ ನಿಯಮವು ಕೊಡುವ ಬಿಡುವು ಸೆಕೆಂಡಿನ ೧೦ ಲಕ್ಷ ಭಾಗಗಳಲ್ಲಿ ೧೦ ಭಾಗ ಮಾತ್ರ. ಅಷ್ಟರಲ್ಲಿ ಮುಖ್ಯ ಮಿದುಳನ್ನು ಕೇಳಿ ಬರಲು ವ್ಯವಧಾನವೆಲ್ಲಿ?

ತನ್ನದಲ್ಲದ ಓಲೆಯನ್ನೂ ಚಿಪ್ಪು ಸಂಪೂರ್ಣವಾಗಿ ಅಲಕ್ಷಿಸುವುದಿಲ್ಲವೆಂಬುದು ಗಮನಾರ್ಹ. ಈ ಸಂಭಾಷಣೆಗೆ ಎಷ್ಟು ಹೊತ್ತು ಬೇಕೆಂಬ ಅಂಕಿ ಅದರ ತಲೆಯಲ್ಲಿರುತ್ತದೆ. ಅದನ್ನು ಓದಿ, ಅಷ್ಟು ಹೊತ್ತು ತಾನು ಬಾಯಿ ಮುಚ್ಚಿಕೊಂಡಿರುತ್ತದೆ. ಸಭೆಯಲ್ಲಿ ಇಬ್ಬರು ಮಾತನಾಡುವಾಗ ಮೂರನೆಯವರು ನಡುವೆ ಬಾಯಿ ಹಾಕಬಾರದೆಂಬ ಮರ್ಯಾದೆಯನ್ನು ಈ ಸಣ್ಣ ಚಿಪ್ಪು ಕಲಿತಿದೆ.

ಆದರೆ ಮರ್ಯಾದೆ ಬೇರೆ, ಬೀಗ ಬೇರೆ. ಇದೇ ಈ ಚರಿತ್ರೆಯ ಸಾರ. ಚಿಪ್ಪು ಪರರ ಓಲೆಯನ್ನು ಬಿಟ್ಟುಬಿಡುವುದು ತನ್ನ ಶಿಸ್ತಿನಿಂದಲೇ ಹೊರತು, ಅದು ಕೇಳಿಸದೆ ಅಲ್ಲ. ಸೋಸಬೇಡ, ಎಲ್ಲವನ್ನೂ ಒಪ್ಪಿಸು ಎಂದು ಒಡೆಯನು ಅಪ್ಪಣೆ ಮಾಡಿದರೆ ಹಲವು ಚಿಪ್ಪುಗಳು ಹಾಗೆಯೇ ಮಾಡುತ್ತವೆ. ದೋಷ ಹುಡುಕುವ ಇಂಜಿನಿಯರಿಗೆ ಅದು ಉಪಕಾರಿ, ಕಳ್ಳನಿಗೂ ಉಪಕಾರಿ. ಆದುದರಿಂದಲೇ ಓಲೆಯ ಒಡಲನ್ನು ಗೂಢಲಿಪಿಯಲ್ಲಿ ಬರೆಯಬೇಕಾಯಿತು. ೧೯೯೭ರ ಗೂಢಲಿಪಿ ದುರ್ಬಲವೆಂದು ೨೦೦೧ರಲ್ಲಿ ವಿದ್ವಾಂಸರು ತೋರಿಸಿಕೊಟ್ಟರು. ೨೦೦೪ರಲ್ಲಿ ಬಂದ ಡಬ್ಲ್ಯು.ಪಿ.ಎ. ೨ ಗಟ್ಟಿಯಾಯಿತು. ನಮ್ಮ ದೇಶದಲ್ಲಿ ೨.೪ ಗಿಗಾಹರ್ಟ್ಸ್ ಪಟ್ಟಿಯ ಸಣ್ಣ ಯಂತ್ರಗಳಿಗೆ ಲೈಸೆನ್ಸು ಬೇಡವೆಂದು ೨೦೦೫ರಲ್ಲಿ ನಿಯಮವಾದ ಬಳಿಕ ವೈ-ಫೈ ಮನೆಮನೆಗೂ ಬಂತು. ೨೦೧೬ರಲ್ಲಿ ರೈಲ್‌ಟೆಲ್ ಮತ್ತು ಗೂಗಲ್ ಕೂಡಿ ವಿಜಯವಾಡ, ವಿಶಾಖಪಟ್ಟಣಗಳ ನಿಲ್ದಾಣಗಳಿಗೂ ಅದನ್ನು ತಂದುವು. ರೈಲು ಕಾಯುತ್ತ ಊರಿಗೆ ಮಾತನಾಡಿದ ನೆನಪು ನಮ್ಮಲ್ಲಿ ಹಲವರಿಗಿದ್ದೀತು.

ಒಡಲಿಗೆ ಬೀಗ ಬಿದ್ದರೂ ಓಲೆಯ ತಲೆಯ ಮೇಲಿನ ವಿಳಾಸ ಮಾತ್ರ ಬಯಲಿನಲ್ಲೇ ಉಳಿಯಿತು; ಅದು ಕಾಣದಿದ್ದರೆ ಸೋಸುವುದೆಂತು? ಎಂದೂ ಬದಲಾಗದ ಹೆಸರನ್ನು ಫೋನು ಹೋದಲ್ಲೆಲ್ಲ ಕೂಗುತ್ತಿದ್ದರೆ, ಅದನ್ನು ಹಿಡಿದು ಅದರ ಒಡೆಯನ ಜಾಡನ್ನೂ ಹಿಡಿಯಬಹುದು. ೨೦೧೩ರಲ್ಲಿ ಲಂಡನ್ನಿನ ಬೀದಿಯ ಕಸದ ತೊಟ್ಟಿಗಳಲ್ಲಿ ಇಂತಹ ಯಂತ್ರಗಳನ್ನಿಟ್ಟು ದಾರಿಹೋಕರ ಫೋನುಗಳನ್ನು ಎಣಿಸಿದ್ದು ಬಯಲಾಗಿ, ಅದನ್ನು ನಿಲ್ಲಿಸಬೇಕಾಯಿತು. ೨೦೧೪ರಲ್ಲಿ ಆಪಲ್ ಫೋನುಗಳು ಜಾಲವನ್ನು ಹುಡುಕುವಾಗ ಹುಸಿ ವಿಳಾಸ ಹೇಳಲಾರಂಭಿಸಿದವು. ೨೦೧೯ರ ಆಂಡ್ರಾಯ್ಡ್ ೧೦ರಿಂದ ಜಾಲಕ್ಕೊಂದು ಬೇರೆ ವಿಳಾಸವಿಟ್ಟುಕೊಳ್ಳುವುದೇ ವಾಡಿಕೆಯಾಯಿತು. ಇಂತಹ ಸ್ವಯಂಕಲ್ಪಿತ ವಿಳಾಸವನ್ನು ಗುರುತಿಸುವುದು ಸುಲಭ: ಅದರ ಎರಡನೆಯ ಅಕ್ಷರವು ೨, ೬, ಎ, ಇ ಇವುಗಳಲ್ಲೊಂದಾಗಿರುತ್ತದೆ.

ಅತ್ತೆಯವರ ಪ್ರಶ್ನೆಗೆ ಉತ್ತರ ಇಲ್ಲಿದೆ. ನಾನು ಪಟ್ಟಿಯಲ್ಲಿ ಬರೆದದ್ದು ಫೋನಿನ ಜನ್ಮನಾಮ. ಅದು ನಮ್ಮ ಪೆಟ್ಟಿಗೆಯ ಮುಂದೆ ಹೇಳಿದ್ದು ಬೇರೊಂದು ಹೆಸರು. ಕಾವಲುಗಾರನು ಪಟ್ಟಿ ನೋಡಿ ಹೊರಗೆ ನಿಲ್ಲಿಸಿದ. ಇನ್ನೂ ನಾಚಿಕೆಯ ಸಂಗತಿಯೆಂದರೆ, ನಿಜವಾದ ಕಳ್ಳನಿಗೆ ಆ ಪಟ್ಟಿ ತಡೆಯೇ ಅಲ್ಲ. ನಮ್ಮ ಫೋನುಗಳ ವಿಳಾಸ ಗಾಳಿಯಲ್ಲಿ ಬಯಲಾಗಿ ಹಾರಾಡುತ್ತಿರುವಾಗ, ಅದನ್ನು ಕೇಳಿ ತನ್ನ ಯಂತ್ರಕ್ಕೆ ಅದೇ ಹೆಸರಿಟ್ಟುಕೊಳ್ಳುವುದು ಅವನಿಗೆ ಕಷ್ಟವಲ್ಲ. ನನ್ನ ಪಟ್ಟಿ ತಡೆದದ್ದು ಮನೆಗೆ ಬಂದ ಹಿರಿಯರನ್ನು ಮಾತ್ರ!

ಅಂದೇ ಪಟ್ಟಿಯನ್ನು ಅಳಿಸಿ ಗುಪ್ತಪದವನ್ನು ಉದ್ದವಾಗಿಸಿದೆ. ವಾಚಕರಲ್ಲಿಯೂ ನನ್ನ ಬಿನ್ನಹ ಇಷ್ಟೆ: ಪೆಟ್ಟಿಗೆಯಲ್ಲಿ ಡಬ್ಲ್ಯು.ಪಿ.ಎ. ೨ ಅಥವಾ ೨೦೧೮ರಲ್ಲಿ ಬಂದ ೩ನೆಯ ಆವೃತ್ತಿ ಇರಲಿ, ಗುಪ್ತಪದ ಉದ್ದವಾಗಿರಲಿ, ಹೆಸರಿನ ಪಟ್ಟಿಯನ್ನು ನಂಬಿ ನಿದ್ದೆ ಮಾಡುವುದು ಬೇಡ. ಅಂದು ಸಂಜೆ ಮೊಮ್ಮಗಳು ಧಾರವಾಡದಿಂದ ತೆರೆಯ ಮೇಲೆ ಬಂದಳು. ಆ ಕ್ಷಣದಲ್ಲಿ ವಠಾರದ ಎಂಟು ಮನೆಗಳ ಮಾತೂ ನಮ್ಮ ನಡುಮನೆಯ ಗಾಳಿಯಲ್ಲಿತ್ತು. ಅತ್ತೆಯವರಿಗೆ ಕೇಳಿಸಿದ್ದು ಮೊಮ್ಮಗಳ “ಅಜ್ಜಿ” ಎಂಬ ಕರೆಯೊಂದೇ.