ಶರಣು ಬಂದವನನ್ನು ಒಪ್ಪಿಸಬೇಕೆ? ಕಂಪಿಲದೇವ ಮತ್ತು ಮುಮ್ಮಡಿ ಬಲ್ಲಾಳರ ಎರಡು ತೀರ್ಮಾನಗಳು

ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಸೋದರತ್ತೆಯ ಮಗ ಬಹಾವುದ್ದೀನ್ ಗುರ್ಶಾಸ್ಪ್ ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ದೆಹಲಿಯ ಅಧಿಕಾರಿಯಾಗಿದ್ದವನು. 1326-27ರ ಸುಮಾರಿಗೆ ದಂಗೆಯೆದ್ದು ಸೋತ ಆತ ಸಂಸಾರ ಸಮೇತ ತುಂಗಭದ್ರೆಯ ಸೀಮೆಗೆ ಓಡಿಬಂದ. ಕಂಪ್ಲಿ, ಕುಮ್ಮಟದುರ್ಗ, ಸಂಡೂರಿನ ಬೆಟ್ಟಸಾಲುಗಳನ್ನು ಆಳುತ್ತಿದ್ದ ಕಂಪಿಲದೇವ ಅವನಿಗೆ ಆಶ್ರಯ ಕೊಟ್ಟ. ಸುಲ್ತಾನನ ಸೇನೆ ಬೆನ್ನಟ್ಟಿ ಬಂದರೂ ಅವನನ್ನು ಒಪ್ಪಿಸಲಿಲ್ಲ. ಸ್ವಲ್ಪ ಕಾಲದಲ್ಲೇ ಅದೇ ಪ್ರಶ್ನೆ ದೋರಸಮುದ್ರದ ಹೊಯ್ಸಳ ದೊರೆ ಮುಮ್ಮಡಿ ಬಲ್ಲಾಳನ ಎದುರು ಬಂತು. ಬಲ್ಲಾಳ ಗುರ್ಶಾಸ್ಪನನ್ನು ಸೆರೆಹಿಡಿದು ಒಪ್ಪಿಸಿಬಿಟ್ಟ.

ಒಬ್ಬ ಹೃದಯದ ಮಾತು ಕೇಳಿದ, ಇನ್ನೊಬ್ಬ ಬುದ್ಧಿಯ ಮಾತು ಕೇಳಿದ ಎಂದು ಷರಾ ಬರೆದು ಮುಗಿಸುವುದು ಸುಲಭ. ಆದರೆ ಇತಿಹಾಸದ ಆಧಾರಗಳು ಅಷ್ಟು ಸಲೀಸಾಗಿ ಅದಕ್ಕೆ ಒಗ್ಗುವುದಿಲ್ಲ.

ಕಂಪಿಲ ಹುಂಬನಾಗಿರಲಿಲ್ಲ. ಅವನ ತಂದೆ ಮುಮ್ಮಡಿ ಸಿಂಗೆಯ ನಾಯಕ ದೇವಗಿರಿಯ ಸೇವುಣರ ಕಡೆಯವನು. ಹೆತ್ತವರ ನೆನಪಿಗೆ ಕಂಪಿಲ ಕಟ್ಟಿಸಿದ ಶಿವಾಲಯ ಹಂಪಿಯ ಹೇಮಕೂಟದ ಮೇಲೆ ಇಂದಿಗೂ ನಿಂತಿದೆ. ಸೇವುಣರ ಆಳ್ವಿಕೆ 1318ರಲ್ಲಿ ಮುಗಿದದ್ದನ್ನು ಅವನು ಕಂಡಿದ್ದ. ವಾರಂಗಲ್ಲಿನ ಪ್ರತಾಪರುದ್ರ 1310ರಲ್ಲಿ ದೆಹಲಿಯ ಸೇನಾಪತಿ ಮಲಿಕ್ ಕಾಫೂರನಿಗೆ ಆನೆ, ಕುದುರೆ, ಹೊನ್ನು ಒಪ್ಪಿಸಿ ಕಾಣಿಕೆಗೆ ಒಪ್ಪಿಕೊಂಡಿದ್ದ. ಅಷ್ಟಾದರೂ 1323ರಲ್ಲಿ ಕೋಟೆ ಬಿತ್ತು, ದೊರೆ ಸೆರೆಯಾದ. ತಲೆಬಾಗಿದವರೂ ಉಳಿಯಲಿಲ್ಲ ಎಂಬುದು ಕಣ್ಣೆದುರಿಗಿದ್ದಾಗ, ಅತಿಥಿಯನ್ನು ಬಿಟ್ಟುಕೊಟ್ಟರೆ ರಾಜ್ಯ ಉಳಿಯುತ್ತದೆ ಎಂದು ಕಂಪಿಲ ನಂಬಲು ಕಾರಣವೇನಿತ್ತು?

ದಾಳಿಗಳ ವಿವರ ಇಸಾಮಿ ಎಂಬ ಕವಿ 1350ರಲ್ಲಿ ಮುಗಿಸಿದ ಪಾರಸಿ ಕಾವ್ಯ 'ಫುತೂಹ್-ಉಸ್-ಸಲಾತೀನ್'ನಲ್ಲಿ ಸಿಗುತ್ತದೆ. ಕುಮ್ಮಟದ ಮುಂದೆ ಮೊದಲು ಹಿಮ್ಮೆಟ್ಟಿದ ದೆಹಲಿಯ ಪಡೆ ಹೆಚ್ಚಿನ ಬಲದೊಂದಿಗೆ ಮತ್ತೆ ಬಂತು. ಕಂಪಿಲ ಹೊಸಮಲೆದುರ್ಗ ಸೇರಿದ. ಅಲ್ಲಿನ ಕೊನೆಯ ದಿನವನ್ನು ಹೇಳುವವನು ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ. ಕಾಳು ಮುಗಿದಾಗ ಕಂಪಿಲ ಮೊದಲು ಅತಿಥಿಯನ್ನು ಇನ್ನೊಬ್ಬ ಅರಸನ ಬಳಿಗೆ ಕಳುಹಿಸಿದ. ಆಮೇಲೆ ದೊಡ್ಡ ಬೆಂಕಿ ಹಾಕಿಸಿ ತನ್ನ ಸೊತ್ತನ್ನೆಲ್ಲ ಸುಡಿಸಿದ. ಹೆಂಗಸರು ಮಿಂದು, ಗಂಧ ಪೂಸಿಕೊಂಡು, ದೊರೆಯ ಮುಂದೆ ನೆಲಕ್ಕೆ ಮುತ್ತಿಟ್ಟು ಬೆಂಕಿಗೆ ಹಾರಿದರು. ಗಂಡಸರು ಹೊರಬಿದ್ದು ಕಾದಾಡಿ ಸತ್ತರು. ಸೆರೆಸಿಕ್ಕ ಹನ್ನೊಂದು ಗಂಡುಮಕ್ಕಳನ್ನು ದೆಹಲಿಗೆ ಒಯ್ದು ಮತಾಂತರಿಸಲಾಯಿತು. ಅವರಲ್ಲಿ ಮೂವರನ್ನು ಬತೂತ ಸುಲ್ತಾನನ ಆಸ್ಥಾನದಲ್ಲಿ ಕಂಡಿದ್ದ. ಅಬೂ ಮುಸ್ಲಿಂ ಎಂಬ ಹೆಸರು ಹೊತ್ತವನು ಅವನ ಗೆಳೆಯನೇ ಆಗಿದ್ದ.

ಬಲ್ಲಾಳನ ಅನುಭವವೇ ಬೇರೆ. 1311ರಲ್ಲಿ ಮಲಿಕ್ ಕಾಫೂರನ ಎದುರು ಬಾಗಿ, ಮಗ ವಿರೂಪಾಕ್ಷನನ್ನು ದೆಹಲಿಗೆ ಕಳುಹಿಸಿದ್ದ ಅವನಿಗೆ ರಾಜ್ಯವೂ ಉಳಿದಿತ್ತು, 1313ರಲ್ಲಿ ಮಗನೂ ಮರಳಿದ್ದ. ಮೇಲಾಗಿ ಗುರ್ಶಾಸ್ಪ್ ಅವನು ಮಾತು ಕೊಟ್ಟು ಕರೆಸಿಕೊಂಡ ಅತಿಥಿಯಲ್ಲ. ಹಳೆಯ ವೈರಿ ಕಂಪಿಲ ದಾಟಿಸಿದ ಗಂಡಾಂತರ. ಒಪ್ಪಿಸಿದ ಮೇಲೆ ಸುಲ್ತಾನ ಗುರ್ಶಾಸ್ಪನ ಚರ್ಮ ಸುಲಿಸಿದ. ಬಲ್ಲಾಳನಿಗೆ ಸುಮಾರು ಹದಿನೈದು ವರ್ಷಗಳ ಆಳ್ವಿಕೆ ದಕ್ಕಿತು.

ಲೆಕ್ಕಾಚಾರದವನೆಂದು ಹೆಸರಾಗಬೇಕಿದ್ದ ಈ ದೊರೆ ತಪ್ಪಿದ್ದು ಎಲ್ಲಿ? 1342ರ ಸುಮಾರಿಗೆ ಕಣ್ಣನೂರು ಕೊಪ್ಪಂ ಕೋಟೆಗೆ ಅವನು ಹಾಕಿದ ಮುತ್ತಿಗೆಯಲ್ಲಿ ಸೋಲುವ ಹಂತದಲ್ಲಿದ್ದ ಎದುರಾಳಿಗಳು ಮಧುರೆಯ ಸುಲ್ತಾನನನ್ನು ಕೇಳಲು ಕಾಲಾವಕಾಶ ಬೇಡಿದರು. ಎಂಬತ್ತು ದಾಟಿದ ಬಲ್ಲಾಳ ನಂಬಿ ಕೊಟ್ಟ. ಆ ಅವಧಿಯಲ್ಲೇ ಮಧುರೆಯ ಪಡೆ ಹಠಾತ್ತನೆ ಮೇಲೆರಗಿ ಅವನನ್ನು ಹಿಡಿಯಿತು. ಹುಲ್ಲು ತುಂಬಿದ ಅವನ ಚರ್ಮ ಮಧುರೆಯ ಗೋಡೆಯ ಮೇಲೆ ತೂಗುತ್ತಿದ್ದುದನ್ನು ಬತೂತನೇ ನೋಡಿ ಬರೆದಿದ್ದಾನೆ.

ಹೃದಯವೋ ಬುದ್ಧಿಯೋ ಎಂಬ ಇದೇ ಚರ್ಚೆ ನಮ್ಮ ಕಾಲದಲ್ಲೂ ಇದೆ. ಐವರನ್ನು ಉಳಿಸಲು ಒಬ್ಬನನ್ನು ಬಲಿಕೊಡಬಹುದೆ ಎಂಬ ಟ್ರಾಲಿ ಪ್ರಶ್ನೆಯನ್ನು 1967ರಲ್ಲಿ ತತ್ತ್ವಜ್ಞೆ ಫಿಲಿಪ್ಪಾ ಫುಟ್ ಎತ್ತಿದರು. 2001ರಲ್ಲಿ ಸಂಶೋಧಕ ಜೋಶುವಾ ಗ್ರೀನ್ ಮತ್ತು ಸಂಗಡಿಗರು ಇಂಥ ಪ್ರಶ್ನೆಗಳನ್ನು ಕೇಳುತ್ತ ಮಿದುಳಿನ ಚಿತ್ರ ತೆಗೆದರು. ತನ್ನ ಕೈಯಾರೆ ಕೇಡು ಮಾಡಬೇಕಾದ ಪ್ರಸಂಗಗಳಲ್ಲಿ ಭಾವನೆಗೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾಗುವುದು ಕಂಡುಬಂತು. ಪ್ರಯೋಗಾಲಯದಲ್ಲಿ ಫಲ ಮೊದಲೇ ಗೊತ್ತಿರುತ್ತದೆ: ಒಬ್ಬ ಸತ್ತರೆ ಐವರು ಖಂಡಿತ ಉಳಿಯುತ್ತಾರೆ. ಕುಮ್ಮಟದಲ್ಲಿ ಅಂಥ ಖಾತರಿ ಇರಲಿಲ್ಲ.

ಕನ್ನಡ ಕವಿಗಳು ಈ ಇಕ್ಕಟ್ಟನ್ನು ಅರಮನೆಯ ಒಳಕ್ಕೂ ತಂದರು. ನಂಜುಂಡ ಕವಿಯ 'ರಾಮನಾಥ ಚರಿತೆ'ಯೂ ಸೇರಿದಂತೆ ಕಂಪಿಲನ ಮಗ ಕುಮಾರರಾಮನ ಕುರಿತ ಸಾಂಗತ್ಯಗಳಲ್ಲಿ ಮಲತಾಯಿ ರತ್ನಾಜಿಯ ದೂರು ನಂಬಿದ ಕಂಪಿಲ ಮಗನ ತಲೆ ಕಡಿಸಲು ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪ ಬೇರೆ ತಲೆ ತೋರಿಸಿ ರಾಮನನ್ನು ಅಡಗಿಸಿಡುತ್ತಾನೆ. ಪರನಾರಿ ಸಹೋದರನೆಂದು ಜನ ನೆನೆಯುವ ರಾಮ ಮತ್ತೆ ಹೊರಬಂದು ತುರುಕರ ಪಡೆಯೊಡನೆ ಕಾದುತ್ತಾನೆ. ಕಾವ್ಯದ ಕಂಪಿಲ ಸಿಟ್ಟಿನ ಭರದಲ್ಲಿ ಎಡವುವ ತಂದೆ. ಪಾರಸಿ, ಅರಬ್ಬಿ ಬರಹಗಳ ಕಂಪಿಲ ತಾನು ಮಾಡುತ್ತಿರುವುದರ ಬೆಲೆ ತಿಳಿದ ಅರಸ.

ಇಬ್ಬರು ದೊರೆಗಳ ಉತ್ತರ ಬೇರೆಯಾದದ್ದಕ್ಕೆ ಒಬ್ಬನ ಭಾವುಕತೆ, ಇನ್ನೊಬ್ಬನ ಜಾಣತನ ಎಂಬ ವಿವರಣೆ ಸಾಲದು. 1310ರಿಂದ 1323ರ ನಡುವೆ ದೆಹಲಿಗೆ ಬಾಗಿದವರ ಗತಿ ಏನಾಯಿತೆಂದು ಕಂಪಿಲ ವಾರಂಗಲ್ಲಿನಲ್ಲಿ ಕಂಡದ್ದು ಒಂದು, ಬಲ್ಲಾಳ ತನ್ನ ಮನೆಯಲ್ಲೇ ಕಂಡದ್ದು ಇನ್ನೊಂದು. ಇಬ್ಬರ ತೀರ್ಮಾನಕ್ಕೂ ಹೆಚ್ಚು ಹೊಂದುವ ಕಾರಣ ಇದೇ.